ಜ್ವರವಿಲ್ಲದ ರೋಗಿ

ಐವತ್ತೇಳನೆಯ ಇಸವಿಯಲ್ಲಿ ಫ್ಲೂ ಬಂದಾಗ ನಮ್ಮ ಕಡೆಯ ಜನಕ್ಕೆಲ್ಲ ಇದ್ದಕ್ಕಿದ್ದಂತೆ ವೈದ್ಯವಿದ್ಯೆ ಬಂದುಬಿಟ್ಟಿತು. ಬಂಗಾರಪೇಟೆಯಿಂದ ಮಾರಿಕುಪ್ಪಂ ಕಡೆಗೆ ಹೋಗುವ ರೈಲಿನಲ್ಲಿ ಕೂತವರಲ್ಲಿ ಡಾಕ್ಟರಲ್ಲದವರೇ ಇರಲಿಲ್ಲ. ಒಬ್ಬ ಕರ್ಪೂರದ ಗಂಟನ್ನು ಕೊರಳಿಗೆ ಕಟ್ಟಿಕೊಂಡು, ಅದರ ಮಹಿಮೆ ಹೇಳುತ್ತ ಹೇಳುತ್ತಲೇ ಎದುರಿಗಿದ್ದವನ ಮುಖಕ್ಕೆ ಸೀನಿದ. ಇನ್ನೊಬ್ಬ ಇದು ಹಡಗಿನಲ್ಲಿ ಬಂದ ಕಾಯಿಲೆ, ಸಮುದ್ರದ ಹತ್ತಿರ ಹೋಗದವರಿಗೆ ಅಂಟುವುದಿಲ್ಲ ಎಂದ. ಅಷ್ಟು ಹೊತ್ತಿಗೆ ಸಮುದ್ರವನ್ನು ಕನಸಿನಲ್ಲೂ ಕಾಣದ ಅರ್ಧ ಊರು ಮಲಗಿತ್ತು.

ನಾನೂ ಅಮ್ಮನೂ ಆ ರೈಲು ಹತ್ತಿದ್ದು ನಂದಿದುರ್ಗವೆಂಬ ಚಿನ್ನದ ಗಣಿಯ ಲೈನಿನಲ್ಲಿ, ಅಂದರೆ ಕೂಲಿಗಳ ಮನೆಸಾಲಿನಲ್ಲಿ, ಇದ್ದ ಸೋದರಮಾವನ ಮನೆಗೆ ಹೋಗಲು. ಮಾವನಿಗೆ ಗಣಿಯೊಳಗೆ ಕೆಲಸ. ಅತ್ತೆ ಫ್ಲೂ ಬಂದು ಮಲಗಿದ್ದಳು, ನೋಡಿಕೊಳ್ಳುವವರಿರಲಿಲ್ಲ. ಅಪ್ಪ ಸತ್ತ ಮೇಲೆ ಕೂಲಿನಾಲಿ ಮಾಡಿ ನನ್ನನ್ನು ಓದಿಸಿದವಳು ಅಮ್ಮ. ನನಗಾಗ ಹತ್ತೊಂಬತ್ತು. ಮನೆತನದಲ್ಲೇ ಮೊದಲು ಓದಿದ ಹುಡುಗಿ ಎಂಬ ಜಂಬ ತಲೆಗೇರಿತ್ತು. ಕಂಡವರನ್ನೆಲ್ಲ ಹೆಡ್ಡರೆಂದು ತಿಳಿಯುವುದೇ ನನ್ನ ವಿದ್ಯೆಯಾಗಿತ್ತು. ಅಮ್ಮನಿಗೆ ವಿದ್ಯೆ ಇರಲಿಲ್ಲ, ಬಾಯಿ ಇತ್ತು. ಮನೆಯೊಳಗೆ ಕಾಲಿಡುತ್ತಲೇ ತಮ್ಮನನ್ನು ತರಾಟೆಗೆ ತೆಗೆದುಕೊಂಡಳು.

"ಏನ್ಲಾ, ಎಂಡ್ತಿ ಇಂಗೆ ಮಲಗವ್ಳೆ, ಒಂದು ಗಂಜಿ ಕಾಯಿಸಕ್ಕೆ ಬರಕಿಲ್ವಾ ನಿಂಗೆ? ಬಂಗಾರ ಅಗೆಯಕ್ಕೆ ಮಾತ್ರ ಬತ್ತದಾ?"

ಮಾವ ನಕ್ಕು ಸುಮ್ಮನಾದ. ಆ ಮನುಷ್ಯ ಯಾವುದಕ್ಕೂ ನಕ್ಕು ಸುಮ್ಮನಾಗುವವನು.

ನಾಲ್ಕನೆಯ ದಿನ ಬೆಳಿಗ್ಗೆ ಬೀದಿಯ ನಲ್ಲಿಯಲ್ಲಿ ನೀರು ಹಿಡಿಯುತ್ತಿದ್ದ ಅಮ್ಮ ಬಿಂದಿಗೆ ಸಮೇತ ಕುಸಿದಳು. ಓಡಿಹೋಗಿ ನೋಡಿದರೆ ಬಾಯಿ ಒಂದು ಕಡೆಗೆ ಎಳೆದುಕೊಂಡಿದೆ, ಬಲಗೈ ಬಲಗಾಲು ಬಿದ್ದುಹೋಗಿವೆ. ಮಾತಾಡಲು ಹೋದರೆ ಬರೀ ಗೊರಗೊರ. ಲಕ್ವ ಹೊಡೆದಿತ್ತು. ಲೈನಿನ ಜನ ಸೇರಿದರು. ಒಬ್ಬಳು ಗಾಳಿ ಸೋಕು ಎಂದಳು. ಇನ್ನೊಬ್ಬ ಪಾರಿವಾಳದ ಬಿಸಿ ರಕ್ತ ತಿಕ್ಕಿದರೆ ಕೈ ಎದ್ದು ನಿಲ್ಲುತ್ತದೆಂದು ಪಾರಿವಾಳ ಹಿಡಿಯಲು ಹೋದ. ಅವನಿನ್ನೂ ಬಂದಿಲ್ಲ.

ಮಾವ ಜಟಕಾ ತಂದ. ನಾವು ಹೋದ ಆಸ್ಪತ್ರೆಯ ಹೆಸರು ಹೇಳುವುದಿಲ್ಲ; ಆ ಮರ್ಯಾದೆ ಅದಕ್ಕೆ ಬೇಕಾಗಿಲ್ಲ. ಬಾಗಿಲಲ್ಲಿ ಮೇಜು ಹಾಕಿಕೊಂಡು ಒಬ್ಬ ಕಾಂಪೌಂಡರು ಕೂತಿದ್ದ. ಎದುರಿಗೆ ಲೋಷನ್ ತುಂಬಿದ ಗಾಜಿನ ಲೋಟ, ಅದರೊಳಗೆ ಎರಡು ಥರ್ಮಾಮೀಟರು. ಸಾಲಿನಲ್ಲಿ ಬಂದವರ ಬಾಯಿಗೆ ಒಂದೊಂದಾಗಿ ಇಡುತ್ತಿದ್ದ. ನೂರರ ಮೇಲೆ ಬಂದರೆ ಚೀಟಿ, ಒಳಗೆ ಹಾಸಿಗೆ. ಕೆಳಗೆ ಬಂದರೆ ಮನೆಗೆ. ಹಾಸಿಗೆಗಳೆಲ್ಲ ಜ್ವರದವರಿಗೇ ಮೀಸಲು ಎಂದು ಆಜ್ಞೆಯಾಗಿತ್ತಂತೆ. ಮಾವ ಹೊತ್ತು ತಂದ ಅಮ್ಮನ ಸೊಟ್ಟ ಬಾಯನ್ನೂ ಜೋತುಬಿದ್ದ ಕೈಯನ್ನೂ ಅವನು ಕಣ್ಣಾರೆ ಕಂಡ. ಕಂಡೂ, ಗದ್ದ ಹಿಡಿದು ಥರ್ಮಾಮೀಟರು ಇಟ್ಟ.

"ಕಾಯ್ಚಲ್ ಇಲ್ಲೆಮ್ಮಾ. ಜ್ವರ ಇಲ್ಲ. ಮನೆಗೆ ಕರ್ಕೊಂಡು ಓಗಿ."

"ಲಕ್ವ ಹೊಡೆದದೆ, ಕಾಣಲ್ವಾ ಸ್ವಾಮಿ?" ಎಂದೆ.

"ಕಾಣ್ತದೆ. ಜ್ವರ ಇಲ್ಲ."

ಇಂಥ ಪ್ರಾಮಾಣಿಕನನ್ನು ನಾನು ಮತ್ತೆ ನೋಡಲಿಲ್ಲ. ನಮ್ಮ ಹಿಂದಿದ್ದ ಗಟ್ಟಿಮುಟ್ಟಾದ ಯುವಕನೊಬ್ಬ ನೂರೊಂದು ತೋರಿಸಿ ಕೈಬೀಸಿಕೊಂಡು ಒಳಗೆ ನಡೆದ. ಅವನು ಟೀ ಲೋಟ ಕೆಳಗಿಟ್ಟು ಸಾಲಿಗೆ ಬಂದದ್ದನ್ನು ಕಂಡಿದ್ದರಿಂದ, ಅವನಿಗೆ ಜ್ವರವಿರಲಿಲ್ಲವೆಂದು ನನಗೂ ಮಾವನಿಗೂ ಗೊತ್ತಿತ್ತು. ಗಣಿಗಿಳಿಯಲು ಬೇಜಾರಾದ ದಿನ ಸಿಕ್ ರಜೆಗಾಗಿ ಲೈನಿನ ಗಂಡಸರು ಮಾಡುತ್ತಿದ್ದ ಉಪಾಯ ಅದು. ಸುಡುಸುಡು ಟೀಯನ್ನು ಬಾಯಲ್ಲಿ ಒಂದಿಷ್ಟು ಹೊತ್ತು ಇಟ್ಟುಕೊಂಡು ನುಂಗಿ, ತಕ್ಷಣ ಥರ್ಮಾಮೀಟರಿಗೆ ಬಾಯಿ ಕೊಡುವುದು. ಮೊನ್ನೆ ರಾತ್ರಿ ಊಟದ ಹೊತ್ತಿನಲ್ಲಿ ಮಾವನೇ ಇದನ್ನು ಹೇಳಿ ಅಮ್ಮನನ್ನು ನಗಿಸಿದ್ದ.

ಎದುರಿಗೇ ಟೀ ಅಂಗಡಿ. ಆಸ್ಪತ್ರೆಯ ಮುಂದೆ ಅಂಗಡಿ ಇಡುವವನಿಗೆ ಎಷ್ಟು ಬುದ್ಧಿ ಇರುತ್ತದೆ ನೋಡಿ. ನಾನು ಲೋಟ ಹಿಡಿದು ಬಂದಾಗ ಮಾವ ಅಡ್ಡ ಬಂದ.

"ಬ್ಯಾಡ ಕಣಮ್ಮ. ಅಕ್ಕನಿಗೆ ಉಗುಳೇ ನುಂಗಕ್ಕಾಗ್ತಿಲ್ಲ. ಟೀ ಎಂಗೆ ನುಂಗ್ತಾಳೆ? ಬಂಗಾರಪೇಟೆಗೆ ಓಗಾಣ, ಅಲ್ಲಿ ಡಾಕ್ಟ್ರವ್ರೆ."

"ರೈಲು ಬರೋಗಂಟ ಕಾಯಾಣಾ? ನಿಂಗೇನು ಗೊತ್ತಾಗ್ತದೆ, ಸುಮ್ನಿರು ಮಾವ," ಎಂದೆ. ಎಂಥ ದನಿಯಲ್ಲಿ ಎಂದೆನೆಂದರೆ, ಅವನು ನಗಲೂ ಇಲ್ಲ, ಸುಮ್ಮನೆ ಅಮ್ಮನ ತಲೆ ಎತ್ತಿ ಹಿಡಿದುಕೊಂಡ.

ಅಮ್ಮ ನನ್ನನ್ನು ನೋಡುತ್ತಲೇ ಬಾಯಿ ತೆರೆದಳು. ಮಗಳು ಓದಿದವಳು ಎಂಬ ನಂಬಿಕೆ. ಮೊದಲ ಗುಟುಕು ಸೊಟ್ಟ ತುಟಿಯ ಕಡೆಯಿಂದ ಸೆರಗಿನ ಮೇಲೆ ಸುರಿಯಿತು. ಎರಡನೆಯದನ್ನು ತಲೆ ಹಿಂದಕ್ಕೆ ಬಾಗಿಸಿ ಹೊಯ್ದೆ. ಅದು ಹೋಗಬೇಕಾದ ದಾರಿಯಲ್ಲಿ ಹೋಗಲಿಲ್ಲ. ಕೆಮ್ಮು ಬಂತು, ಕಣ್ಣು ಮೇಲಾಯಿತು, ಮುಖ ಕಪ್ಪಿಟ್ಟಿತು. ಕೆಮ್ಮು ನಿಂತ ಕೂಡಲೇ ಅವಳನ್ನು ಮತ್ತೆ ಮೇಜಿನ ಮುಂದೆ ಹಿಡಿದೆವು. ಥರ್ಮಾಮೀಟರು ನೂರೂವರೆ ತೋರಿಸಿತು. ಕಾಂಪೌಂಡರು ತಲೆ ಎತ್ತದೆ ಚೀಟಿ ಬರೆದ. ನನಗಾದ ಸಂತೋಷವನ್ನು ನೆನೆದರೆ ಇವತ್ತೂ ನಾಚಿಕೆಯಾಗುತ್ತದೆ.

ಒಳಗೆ ಎರಡು ಸಾಲು ಹಾಸಿಗೆ, ನಡುವೆ ನೆಲದ ಮೇಲೆ ಚಾಪೆ. ಅಮ್ಮನಿಗೆ ಸಿಕ್ಕಿದ್ದು ಚಾಪೆ. ಅರ್ಧ ನರ್ಸುಗಳು ತಾವೇ ಫ್ಲೂ ಹಿಡಿದು ಮಲಗಿದ್ದರು. ಉಳಿದವರು ಎಲ್ಲರಿಗೂ ಒಂದೇ ಮಾತ್ರೆ, ಒಂದೇ ಕೆಂಪು ಔಷಧಿ ಕೊಟ್ಟುಕೊಂಡು ಹೋದರು. ಅಮ್ಮನಿಗೂ ಅದೇ ಬಂತು. ಚೀಟಿಯಲ್ಲಿ ಫ್ಲೂ ಎಂದಿತ್ತಲ್ಲ, ಬಿದ್ದ ಕೈಕಾಲಿನ ಗೋಜಿಗೆ ಯಾರು ಹೋಗುತ್ತಾರೆ? ಎರಡನೆಯ ದಿನ ಅಮ್ಮನಿಗೆ ನಿಜವಾದ ಜ್ವರವೇ ಬಂತು. ಎದೆಯಲ್ಲಿ ಗುಳುಗುಳು ಸದ್ದು.

ಮೂರನೆಯ ದಿನ ಲೇಡಿ ಡಾಕ್ಟರೊಬ್ಬರು ಬಂದರು. ಎದೆಗೆ ಸ್ಟೆತಾಸ್ಕೋಪು ಇಟ್ಟು ಕೇಳಿದರು, ಬಾಯಿ ತೆರೆಸಿ ನೋಡಿದರು, ಸೆರಗಿನ ಮೇಲೆ ಒಣಗಿದ್ದ ಕಲೆ ನೋಡಿದರು. ಆ ಇಡೀ ಕಟ್ಟಡದಲ್ಲಿ ಕಣ್ಣಿದ್ದವರು ಅವರೊಬ್ಬರೇ.

"ಲಕ್ವ ಹೊಡೆದು ಗಂಟಲು ಬಿದ್ದವರಿಗೆ ಕುಡಿಸಬಾರದು. ಟೀ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಿದೆ. ಯಾರು ಕುಡಿಸಿದ್ದು?"

ಮಾವ ಗೋಡೆಗೆ ಒರಗಿ ನಿಂತಿದ್ದ. ನಾನು ಅವನ ಕಡೆ ಬೆರಳು ತೋರಿಸಿದೆ.

ಅವನು ಒಮ್ಮೆ ನನ್ನ ಮುಖ ನೋಡಿದ. ಆಮೇಲೆ ಡಾಕ್ಟರ ಮುಂದೆ ಕೈಮುಗಿದು, "ತಿಳೀದೆ ಆಗೋಯ್ತು ತಾಯಿ," ಎಂದ. ಅವರು ಅವನಿಗೆ ಬೈದರು. ಇಂಜೆಕ್ಷನ್ನು ಕೊಟ್ಟರು. ಮರುದಿನ ಮಧ್ಯಾಹ್ನ ಅಮ್ಮ ಹೋದಳು. ಕಾಗದದಲ್ಲಿ ಫ್ಲೂ ಎಂದೇ ಬರೆದುಕೊಟ್ಟರು.

ನೆಂಟರ ನಡುವೆ ಮಾವ ಟೀ ಕುಡಿಸಿ ಅಕ್ಕನನ್ನು ಕೊಂದವನಾದ. ಮದುವೆ ಮುಂಜಿಗಳಲ್ಲಿ ಅವನು ಲೋಟ ಮುಟ್ಟಿದರೆ ಸಾಕು, ಯಾರಾದರೂ ಕಿಸಕ್ಕೆನ್ನುತ್ತಿದ್ದರು. ನಾನೂ ನಕ್ಕಿದ್ದೇನೆ. ನಗದಿದ್ದರೆ ಅನುಮಾನ ಬರುತ್ತದಲ್ಲ.

ಆರೇಳು ವರ್ಷ ಕಳೆಯಿತು. ನಾನು ಬಂಗಾರಪೇಟೆಯ ಶಾಲೆಯೊಂದರಲ್ಲಿ ಮೇಡಮ್ಮು, ಗಂಡನೂ ಮೇಷ್ಟರು. ಮಗಳ ನಾಮಕರಣಕ್ಕೆ ಮಾವ ಬಂದ. ಒಳಗೆ ಬರದೆ ಜಗಲಿಯ ಮೇಲೆ ಕೂತಿದ್ದವನನ್ನು ಊಟಕ್ಕೆ ಕರೆಯಲು ಹೋದೆ. ಯಾರೂ ಇಲ್ಲದ್ದನ್ನು ನೋಡಿಕೊಂಡು ಮೆಲ್ಲಗೆ ಹೇಳಿದ.

"ನೀನು ಮನಸ್ಸಿಗೆ ಅಚ್ಕೋಬ್ಯಾಡ ಕಣಮ್ಮ. ಅವತ್ತು ನೀನು ನನ್ನ ತೋರ್ಸಿದ್ದೇ ಒಳ್ಳೇದಾಯ್ತು. ತಾಯಿನ ಸಾಯಿಸಿದೋಳು ಅಂದಿದ್ರೆ ನಿನ್ನ ಯಾರು ಮದ್ವೆ ಆಗ್ತಿದ್ರು?"

ಒಳಗೆ ನೆಂಟರೆಲ್ಲ ಪಂಕ್ತಿಯಲ್ಲಿ ಕೂತಿದ್ದರು. ನಿಜ ಹೇಳುವುದಿದ್ದರೆ ಅದಕ್ಕಿಂತ ಒಳ್ಳೆಯ ಸಮಯ ಸಿಗುತ್ತಿರಲಿಲ್ಲ. ನಾನು, "ಎಲೆ ಹಾಕವ್ರೆ, ಏಳು ಮಾವ," ಎಂದೆ. ಅವನು ಎದ್ದು ಬಂದು ಎಲ್ಲರಿಗಿಂತ ಕೊನೆಯ ಎಲೆಯ ಮುಂದೆ ಕೂತ.