ಹದಿನೆಂಟು ಗುಟುಕಿನ ಬೆಳಗು

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಬೀದಿಯ ತುದಿಯಲ್ಲಿರುವ ಪುಟ್ಟ ಬಿಯರ್ ಕಾರ್ಖಾನೆಯ ಹಿಂಬಾಗಿಲಿನ ಬೀಗ ತೆಗೆದು ಒಳಬಂದ ಹೆಂಗಸು ಚಪ್ಪಲಿ ಬಿಟ್ಟು ರಬ್ಬರ್ ಬೂಟು ಹಾಕಿಕೊಳ್ಳುತ್ತಾರೆ. ಸಪ್ಪೆ ನೀರಿನಲ್ಲಿ ಎರಡು ಸಲ ಬಾಯಿ ಮುಕ್ಕಳಿಸುತ್ತಾರೆ. ಒದ್ದೆ ನೆಲದ ಮೇಲೆ ಆರು ಉಕ್ಕಿನ ಟ್ಯಾಂಕುಗಳು ಸಾಲಾಗಿ ನಿಂತಿವೆ. ನಾಲ್ಕನೆಯದರ ಮುಂದೆ ನಿಂತು, ಅದರ ಹೊಟ್ಟೆಗಿರುವ ಬೆರಳುದ್ದದ ನಲ್ಲಿಯನ್ನು ತಿರುಗಿಸಿ, ಎರಡು ಗಾಜಿನ ಲೋಟಗಳಿಗೆ ಅರ್ಧರ್ಧ ಬಿಯರ್ ಹಿಡಿಯುತ್ತಾರೆ. ಒಣಹುಲ್ಲಿನ ಬಣ್ಣ, ಆಚೆ ಬದಿಯ ಗೋಡೆ ಕಾಣುವಷ್ಟು ತಿಳಿ, ಮೇಲೆ ಬೆಳ್ಳನೆಯ ನೊರೆ. ಒಂದು ಲೋಟವನ್ನು ಮುಚ್ಚಿ ಬಿಸಿನೀರಿನ ಪಾತ್ರೆಯಲ್ಲಿಡುತ್ತಾರೆ, ಇನ್ನೊಂದನ್ನು ಫ್ರಿಜ್ಜಿನಲ್ಲಿ. ಗಡಿಯಾರ ನೋಡಿಕೊಂಡು ಸ್ಟೂಲಿನ ಮೇಲೆ ಕೂರುತ್ತಾರೆ.

‘ಇಪ್ಪತ್ತು ನಿಮಿಷ ಕಾಯ್ಬೇಕು’ ಎನ್ನುತ್ತಾರೆ, ತಮ್ಮ ಬಗ್ಗೆ ಬರೆದುಕೊಳ್ಳಲು ಬಂದವರತ್ತ ತಿರುಗಿ. ‘ಬಿಸಿ ಮಾಡಿದ್ದು ಬೆಣ್ಣೆ ವಾಸನೆ ಹೊಡೆದ್ರೆ ಬಿಯರ್ ಇನ್ನೂ ಪಕ್ವ ಆಗಿಲ್ಲ ಅಂತ ಲೆಕ್ಕ. ತಣ್ಣಗಿದ್ದಾಗ ಕಳ್ಳನ ಹಾಗೆ ಅಡಗಿಕೊಂಡಿರುತ್ತೆ. ಬಿಸಿ ತಾಗಿದ್ರೆ ಬಾಯಿಬಿಡುತ್ತೆ.’

ಇಲ್ಲಿ ಎಲ್ಲರೂ ಇವರನ್ನು ಕರೆಯುವುದು ಗುಟುಕಕ್ಕ ಎಂದು. ವಯಸ್ಸು ನಲವತ್ತೊಂಬತ್ತು. ಮಾಲೀಕರೂ ಅಕ್ಕ ಎನ್ನುತ್ತಾರೆ, ಅವರು ಇವರಿಗಿಂತ ಹತ್ತು ವರ್ಷ ದೊಡ್ಡವರಾದರೂ. ಗುಟುಕಕ್ಕ ತಲೆಯಾಡಿಸದೆ ಈ ಕಟ್ಟಡದಿಂದ ಒಂದು ಪೀಪಾಯಿಯೂ ಹೊರಗೆ ಹೋಗುವುದಿಲ್ಲ. ಆದರೆ ಮುಂದಿನ ಹಜಾರದ ಗೋಡೆಯಲ್ಲಿ ಇರುವುದು ಬಿಯರ್ ತಯಾರಿಸುವ ಮೇಷ್ಟ್ರ ಫೋಟೊ. ಸಂಜೆ ಅಲ್ಲಿ ಕೂತು, ಲೋಟವನ್ನು ಬೆಳಕಿಗೆ ಹಿಡಿದು ಆಹಾ ಎನ್ನುವವರಿಗೆ ಹಿಂಬಾಗಿಲಿನಿಂದ ಬಂದು ಹೋಗುವ ಹೆಂಗಸೊಬ್ಬಳಿದ್ದಾಳೆ ಎಂಬ ಸುಳಿವೂ ಇಲ್ಲ.

ಆರು ಟ್ಯಾಂಕು, ಒಂದೊಂದಕ್ಕೆ ಮೂರು ಗುಟುಕು, ದಿನಕ್ಕೆ ಹದಿನೆಂಟು. ವಾರಕ್ಕೆ ಆರು ದಿನ, ಹನ್ನೊಂದು ವರ್ಷ. ತಿಳಿಯಾದದ್ದು ಮೊದಲು, ಕಪ್ಪಗಿನದು ಕೊನೆಗೆ. ನಡುವೆ ಒಂದು ಚೂರು ಸಪ್ಪೆ ಬ್ರೆಡ್ಡು, ಎರಡು ಗುಟುಕು ನೀರು. ಬಾಯಿಗೆ ಹಾಕಿಕೊಂಡು ಉಗುಳಿದರೆ ನಡೆಯುವುದಿಲ್ಲವೇ ಎಂದು ಕೇಳಿದರೆ ನಗುತ್ತಾರೆ. ಬಿಯರಿನ ಕಹಿ ಗೊತ್ತಾಗುವುದು ಗಂಟಲಿಳಿಯುವಾಗ, ಅದಕ್ಕೇ ನುಂಗಲೇಬೇಕು. ‘ಹದಿನೆಂಟು ಅಂದ್ರೆ ಗಾಬರಿ ಬೀಳ್ಬೇಡಿ. ಎಲ್ಲಾ ಸೇರಿಸಿದ್ರೂ ಒಂದು ದೊಡ್ಡ ಲೋಟ ತುಂಬಲ್ಲ.’

ಈ ನಾಲಿಗೆಯನ್ನು ಸಾಕುವುದು ಹಸುಗೂಸನ್ನು ಸಾಕಿದ ಹಾಗೆ. ಒಂಬತ್ತು ಗಂಟೆಯವರೆಗೆ ಕಾಫಿ ಇಲ್ಲ. ಹಿಂದಿನ ರಾತ್ರಿ ಹಸಿ ಈರುಳ್ಳಿ ಇಲ್ಲ. ಘಮಘಮಿಸುವ ಸೋಪಿಲ್ಲ, ಪೌಡರಿಲ್ಲ. ಮದುವೆ ಮನೆಯಲ್ಲಿ ಸೆಂಟು ಹಾಕಿಕೊಂಡವರು ಪಕ್ಕಕ್ಕೆ ಬಂದರೆ ಎದ್ದು ಬೇರೆ ಸಾಲಿಗೆ ಹೋಗುತ್ತಾರೆ, ಅದಕ್ಕೆ ಬಂಧುಬಳಗದಲ್ಲಿ ಜಂಬದವಳು ಎಂಬ ಹೆಸರೂ ಬಂದಿದೆ. ಇವರಿಗೆ ನೆಗಡಿಯಾದರೆ ಇಡೀ ಕಾರ್ಖಾನೆಯೇ ಮೂಗು ಕಟ್ಟಿಕೊಂಡು ಕೂರುತ್ತದೆ.

ಆದರೆ ಈ ಸ್ಟೂಲು ಮೊದಲು ಇವರದಾಗಿರಲಿಲ್ಲ. ಇವರು ಬಾಟಲಿ ತೊಳೆಯುವವರಾಗಿದ್ದರು. ರುಚಿ ನೋಡುತ್ತಿದ್ದವರು ಇವರ ಗಂಡ. ಹಳೆಯ ಮೇಷ್ಟ್ರ ಬಲಗೈಯಾಗಿ ಹದಿನಾಲ್ಕು ವರ್ಷ, ಬಾರ್ಲಿ ಕಾಳು ಹಾಕುವುದರಿಂದ ಹಿಡಿದು ಕೊನೆಯ ಗುಟುಕಿನವರೆಗೆ ಎಲ್ಲವನ್ನೂ ನೋಡಿಕೊಂಡವರು. ಆಗ ಇಲ್ಲಿ ಜರ್ಮನ್ ಶೈಲಿಯ ತಿಳಿ ಬಿಯರಾದ ಪಿಲ್ಸ್‌ನರ್ ಆಗುತ್ತಿತ್ತು. ಮದುವೆಯಾದ ಹೊಸದರಲ್ಲಿ ಶನಿವಾರ ಮಧ್ಯಾಹ್ನ ಕೆಲಸ ಮುಗಿಸಿ ಇಬ್ಬರೂ ಹಿಂಬದಿಯ ಮೆಟ್ಟಿಲ ಮೇಲೆ ಕೂತು ಒಂದೇ ಲೋಟ ಹಂಚಿಕೊಳ್ಳುತ್ತಿದ್ದರು. ನೊರೆ ಇವರಿಗೆ, ಉಳಿದದ್ದು ಅವರಿಗೆ. ಅದನ್ನು ಹೇಳುವಾಗ ಗುಟುಕಕ್ಕನ ಕೈ ತಾನಾಗಿ ಮೇಲ್ದುಟಿ ಒರೆಸಿಕೊಳ್ಳುತ್ತದೆ. ‘ಅಷ್ಟು ಸುಖವಾಗಿ ಆಮೇಲೆ ಎಲ್ಲೂ ಕೂತಿಲ್ಲ ನಾನು’ ಎನ್ನುತ್ತಾರೆ.

ಉಳಿದದ್ದು ಹೆಚ್ಚಾಗುತ್ತ ಹೋಯಿತು. ಮೂರು ಗುಟುಕು ಅರ್ಧ ಲೋಟವಾಯಿತು, ಅರ್ಧ ಲೋಟ ಲೆಕ್ಕ ತಪ್ಪಿತು. ಒಂದು ಬೆಳಗ್ಗೆ ಟ್ಯಾಂಕಿನ ಏಣಿಯಿಂದ ಬಿದ್ದು ಭುಜದ ಮೂಳೆ ಮುರಿಯಿತು. ಆಸ್ಪತ್ರೆಯ ಹಾಸಿಗೆಯಲ್ಲೇ ಅವರು ಕುಡಿತ ಬಿಟ್ಟರು. ಒಂದೇ ಏಟಿಗೆ, ಪೂರ್ತಿ. ಆಮೇಲೆ ಆ ಕೆಲಸಕ್ಕೆ ಹೋಗುವಂತಿರಲಿಲ್ಲ. ಮನೆ ನಡೆಯಬೇಕಿತ್ತು. ‘ನೀನು ಹೋಗು, ನಾನು ಕಲಿಸ್ತೀನಿ’ ಎಂದರಂತೆ.

ಕಲಿಸಿದ್ದು ಅಡುಗೆಮನೆಯ ಮೇಜಿನ ಮೇಲೆ, ಒಂದು ತೊಟ್ಟು ಬಿಯರ್ ಇಲ್ಲದೆ. ಹೆಂಡತಿಯ ಕಣ್ಣಿಗೆ ಟವೆಲ್ ಕಟ್ಟಿ, ಮೂಗಿನ ಹತ್ತಿರ ಒಂದೊಂದನ್ನೇ ಹಿಡಿದರು: ಬೆಣ್ಣೆ, ಬೇಯಿಸಿದ ಜೋಳ, ಕತ್ತರಿಸಿದ ಹಸಿರು ಸೇಬು, ಒದ್ದೆಯಾದ ರಟ್ಟು, ಸುಟ್ಟ ಬ್ರೆಡ್ಡಿನ ಅಂಚು. ಬಿಯರಿನಲ್ಲಿ ಇವೆಲ್ಲ ಬಂದು ಕೂರುತ್ತವೆ, ಯಾವುದು ಯಾಕೆ ಬಂತು ಎಂದು ಹೇಳಬೇಕು. ಒಂದು ತಿಂಗಳು ಪಾಠ ನಡೆಯಿತು. ಇದನ್ನೆಲ್ಲ ನೋಡುತ್ತಿದ್ದ ಅತ್ತೆ ಅಕ್ಕಪಕ್ಕದವರಿಗೆ ಇಂದಿಗೂ ಹೇಳುತ್ತಾರೆ: ‘ನನ್ನ ಮಗ ಬಿಟ್ಟ, ಸೊಸೆ ಹಿಡ್ಕೊಂಡ್ಲು. ಮನೇಲಿ ಒಬ್ರಾದ್ರೂ ಕುಡೀಬೇಕಲ್ಲಪ್ಪ!’

ಪಾಠ ಮುಗಿದ ದಿನ ಗಂಡ ಹೆಂಡತಿ ಒಂದು ಕಟ್ಟುಪಾಡು ಮಾಡಿಕೊಂಡರು. ಮನೆಯಲ್ಲಿ ಬಿಯರಿನ ಮಾತೆತ್ತುವಂತಿಲ್ಲ. ಕೆಲಸ ಮುಗಿಸಿ ಬಂದವರು ಪಕ್ಕದ ಓಣಿಯಿಂದ ನೇರ ಬಚ್ಚಲಿಗೆ ಹೋಗಿ, ಸ್ನಾನ ಮಾಡಿ, ಬಟ್ಟೆ ಬದಲಿಸಿ, ಹಲ್ಲುಜ್ಜಿ, ಆಮೇಲೆಯೇ ನಡುಮನೆಗೆ ಬರಬೇಕು. ಗಂಡ ಈಗ ನಡುಮನೆಯಲ್ಲಿ ಹೊಲಿಗೆ ಮೆಷಿನ್ ಹಾಕಿಕೊಂಡು ಬ್ಯಾಗುಗಳಿಗೆ ಜಿಪ್ಪು ಹೊಲಿಯುತ್ತಾರೆ. ಹನ್ನೊಂದು ವರ್ಷದಿಂದ ಈ ಸ್ನಾನದ ಕ್ರಮ ಒಂದು ದಿನವೂ ತಪ್ಪಿಲ್ಲ. ‘ತಪ್ಪಬಾರದು, ನಿಜ. ಆದ್ರೆ ಬೆಳಗ್ಗೆ ಬಂದ ತಕ್ಷಣ ಅವರ ಹತ್ರ ಹೋಗ್ಬೇಕು ಅನಿಸುತ್ತೆ ನೋಡಿ, ಅದಕ್ಕೇನು ಮಾಡೋದು?’

ಹಳೆಯ ಮೇಷ್ಟ್ರು ತೀರಿಕೊಂಡ ಮೇಲೆ ಪಿಲ್ಸ್‌ನರ್ ನಿಂತುಹೋಯಿತು. ಈ ವರ್ಷ ಬಂದ ಹೊಸ ಮೇಷ್ಟ್ರು, ದೂರದಲ್ಲಿ ಓದಿ ಬಂದವರು, ಅದನ್ನು ಮತ್ತೆ ಮಾಡುತ್ತೇನೆಂದು ಹಟ ಹಿಡಿದರು. ನೀರು, ಮಾಲ್ಟು ಎಂಬ ಮೊಳಕೆ ಬರಿಸಿದ ಬಾರ್ಲಿ ಕಾಳು, ಹಾಪ್ಸ್ ಎಂಬ ಕಹಿ ಹೂವು, ಯೀಸ್ಟು, ಇಷ್ಟರಲ್ಲೇ ಆಗಬೇಕಾದ ಬಿಯರ್ ಅದು. ಹಣ್ಣಿಲ್ಲ, ಮಸಾಲೆಯಿಲ್ಲ, ಕಪ್ಪು ಬಣ್ಣವಿಲ್ಲ. ತಪ್ಪು ಮುಚ್ಚಿಡಲು ಒಂದು ಮರೆಯೂ ಇಲ್ಲ. ಹುದುಗು ಬರಲು ಎರಡು ವಾರ, ಆಮೇಲೆ ಮಂಜುಗಟ್ಟುವಂಥ ತಂಪಿನಲ್ಲಿ ಆರು ವಾರ ಸುಮ್ಮನೆ ಮಲಗಿರಬೇಕು.

ಮೊದಲ ಸಲದ್ದಕ್ಕೆ ಗುಟುಕಕ್ಕ ‘ಒಗರು’ ಎಂದರು. ಮೇಷ್ಟ್ರು ಹಾಪ್ಸ್ ಕಡಿಮೆ ಮಾಡಿದರು. ಎರಡನೆಯದು ಪೊಳ್ಳು ಪೊಳ್ಳಾಯಿತು, ಒಗರು ಮಾತ್ರ ಕದಲಲಿಲ್ಲ. ಎರಡನ್ನೂ ಚರಂಡಿಗೆ ಬಿಟ್ಟಾಗ ಮೇಷ್ಟ್ರು ಮುಖ ಆಚೆ ತಿರುಗಿಸಿದ್ದರು. ಮೂರನೆಯದೂ ಕೆಟ್ಟರೆ ಆ ಟ್ಯಾಂಕಿನಲ್ಲಿ ಹಣ್ಣಿನ ಸಿಹಿ ಬಿಯರ್ ಮಾಡೋಣ ಎಂದು ಮಾಲೀಕರು ತೀರ್ಮಾನಿಸಿದರು. ಆಮೇಲೆ ಗುಟುಕಕ್ಕನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು: ‘ಅಕ್ಕಾ, ಆ ಹಳೇ ರುಚಿ ಗೊತ್ತಿರೋದು ನಿಮ್ಮ ಮನೆಯವರಿಗೆ ಮಾತ್ರ. ಚೆಲ್ಲೋ ಮುಂಚೆ ಎರಡನೇ ಸಲದ್ದು ಒಂದು ಪೀಪಾಯಿ ತೆಗೆದಿಟ್ಟಿದ್ದೀನಿ. ಒಂದ್ಸಲ ಬಂದು ಒಂದೇ ಒಂದು ಗುಟುಕು ನೋಡಿದ್ರೆ ಸಾಕು.’

ಒಂದೇ ಒಂದು ಗುಟುಕು. ಗುಟುಕಕ್ಕ ನಾಲ್ಕು ದಿನ ಆ ಮಾತನ್ನು ಮನೆಗೆ ಒಯ್ಯಲಿಲ್ಲ. ಆ ಪಿಲ್ಸ್‌ನರ್ ಮತ್ತೆ ಬರಬೇಕೆಂದು ಅವರಷ್ಟು ಹಂಬಲಿಸಿದವರು ಇನ್ನೊಬ್ಬರಿಲ್ಲ. ಅದಕ್ಕಾಗಿ ಗಂಡನ ಹನ್ನೊಂದು ವರ್ಷವನ್ನು ಪಣಕ್ಕಿಡಲು ಮಾತ್ರ ಎದೆ ಒಪ್ಪಲಿಲ್ಲ. ಐದನೆಯ ದಿನ ಗಂಡನೇ ಕೇಳಿದರಂತೆ, ಏನನ್ನೋ ನುಂಗಿಕೊಂಡು ಓಡಾಡ್ತಿದ್ದೀಯಲ್ಲ, ಏನದು ಎಂದು. ಹೇಳಿದ್ದಾಯಿತು. ಅವರು ದಾರ ಕತ್ತರಿಸಿ, ‘ಬರ್ತೀನಿ. ಲೋಟ ಮುಟ್ಟಲ್ಲ’ ಎಂದರು.

ಬಂದರು. ಕಾಳಿನ ಮೂಟೆಗಳ ಕೋಣೆಯಲ್ಲಿ, ಟ್ಯಾಂಕುಗಳಿಗೆ ಬೆನ್ನು ಹಾಕಿ ಬೆಂಚಿನ ಮೇಲೆ ಕೂತರು. ‘ನೀನು ಕುಡಿ, ನಾನು ಕೇಳ್ತೀನಿ’ ಎಂದರು. ಹೆಂಡತಿ ಅವರ ಹಿಂದೆ ನಿಂತು ಒಂದು ಗುಟುಕು ಕುಡಿದರು.

‘ಎಲ್ಲಿ ಹಿಡೀತಿದೆ?’

‘ಒಸಡಲ್ಲಿ. ಕೆನ್ನೆ ಒಳಗೂ.’

‘ಗಂಟಲಲ್ಲಿ?’

‘ಇಲ್ಲ. ಗಂಟಲು ಸರಿ ಇದೆ.’

‘ಬಾಯಿ ಒಣಗುತ್ತಾ?’

‘ಬಾಳೆಕಾಯಿ ಸಿಪ್ಪೆ ಕಚ್ಚಿದ ಹಾಗೆ ಆಗುತ್ತೆ ರೀ.’

‘ಹಾಗಾದ್ರೆ ಹೂವಿನ ತಪ್ಪಲ್ಲ ಇದು. ಕಾಳಿನ ಸಿಪ್ಪೆದು. ಮೇಷ್ಟ್ರೇ, ಸಿಹಿ ಇಳಿಸೋಕೆ ಬಿಸಿನೀರಲ್ಲಿ ಕಾಳು ತೊಳೀತೀರಲ್ಲ, ಎಲ್ಲಿಗೆ ನಿಲ್ಲಿಸ್ತೀರಿ?’

ಕೊನೆಯ ಸಿಹಿ ಇಳಿಯುವವರೆಗೂ ತೊಳೆಯುತ್ತಿದ್ದೆ ಎಂದು ಹೊಸ ಮೇಷ್ಟ್ರು ಒಪ್ಪಿಕೊಂಡರು. ಸಿಪ್ಪೆಯ ಒಗರು ಇಳಿಯುವುದು ಆ ಕೊನೆಯ ನೀರಿನಲ್ಲೇ, ಅದನ್ನು ಬಿಟ್ಟುಬಿಡಿ, ಸ್ವಲ್ಪ ಸಿಹಿ ಹೋದರೆ ಹೋಗಲಿ, ಹಾಪ್ಸ್ ಮೊದಲಿನಷ್ಟೇ ಹಾಕಿ ಎಂದರು ಗಂಡ. ಅಲ್ಲಿಗೆ ಕೆಲಸ ಮುಗಿದಿತ್ತು. ಆದರೆ ಮಾಲೀಕರಿಗೆ ಖುಷಿ ತಡೆಯಲಾಗಲಿಲ್ಲ. ‘ಇಷ್ಟು ದೂರ ಬಂದಿದ್ದೀರಿ, ಒಂದು ಗುಟುಕಾದ್ರೂ’ ಎಂದು ಲೋಟವನ್ನು ಅವರ ಮುಖದ ಮುಂದೆಯೇ ಹಿಡಿದುಬಿಟ್ಟರು. ಕೆಟ್ಟವರಲ್ಲ ಅವರು, ಆ ಹೊತ್ತಿಗೆ ಬುದ್ಧಿ ಎಲ್ಲೋ ಹೋಗಿತ್ತು. ಗಂಡ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿ ಹಿಡಿದು ಕೂತಿರುವುದು ಗುಟುಕಕ್ಕನಿಗೆ ಆಗ ಕಂಡಿತು.

‘ನಾನು ಒಂದು ಗುಟುಕಿಗೆ ನಿಲ್ಲೋನಲ್ಲ ಸಾರ್. ತೆಗೀರಿ ಅದನ್ನ.’

ಅದು ನಡೆದು ಎಂಟು ವಾರವಾಗಿದೆ. ಆ ದಿನದ ಮಾತು ಮನೆಯಲ್ಲಿ ಮತ್ತೆ ಬಂದಿಲ್ಲ. ಅವರು ಹೇಳಿಕೊಟ್ಟಂತೆ ಮಾಡಿದ ಮೂರನೆಯ ಪಿಲ್ಸ್‌ನರ್ ಈಗ ನಾಲ್ಕನೇ ಟ್ಯಾಂಕಿನಲ್ಲಿದೆ.

ಇಪ್ಪತ್ತು ನಿಮಿಷ ಮುಗಿಯುತ್ತದೆ. ಬಿಸಿಯಾದ ಲೋಟವನ್ನು ತಣ್ಣೀರಿನಲ್ಲಿಟ್ಟು ಆರಿಸಿ, ಗುಟುಕಕ್ಕ ಎರಡನ್ನೂ ಮೂಸುತ್ತಾರೆ. ಇದನ್ನು, ಅದನ್ನು, ಮತ್ತೆ ಇದನ್ನು. ಬೆಣ್ಣೆಯ ಸುಳಿವಿಲ್ಲ. ಟ್ಯಾಂಕಿನಿಂದ ಹೊಸದಾಗಿ ಹಿಡಿದು ಮೊದಲ ಗುಟುಕು ನುಂಗಿ ಕಣ್ಣು ಮುಚ್ಚುತ್ತಾರೆ. ಎರಡನೆಯದು. ಬಾಗಿಲಲ್ಲಿ ಬಂದು ನಿಂತ ಮೇಷ್ಟ್ರು ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವರಂತೆ ಉಗುರು ಕಚ್ಚುತ್ತಿದ್ದಾರೆ. ಮೂರನೆಯದು. ‘ತುಂಬಿಸಿ ಮೇಷ್ಟ್ರೇ’ ಎನ್ನುತ್ತಾರೆ ಗುಟುಕಕ್ಕ. ಮೇಷ್ಟ್ರು ಅಲ್ಲೇ ನೆಲದ ಮೇಲೆ ಕುಕ್ಕರಿಸುತ್ತಾರೆ. ಗುಟುಕಕ್ಕ ಬ್ರೆಡ್ಡು ಕಚ್ಚಿ ಮುಂದಿನ ಟ್ಯಾಂಕಿಗೆ ಹೋಗುತ್ತಾರೆ, ಇನ್ನೂ ಹದಿನೈದು ಗುಟುಕು ಬಾಕಿ ಇದೆಯಲ್ಲ.

ಎಂಟೂವರೆಗೆ ಮನೆ. ಎಂದಿನಂತೆ ಓಣಿಯಿಂದ ಬಚ್ಚಲಿನತ್ತ ತಿರುಗುವಷ್ಟರಲ್ಲಿ ನಡುಮನೆಯ ಮೆಷಿನ್ ಸದ್ದು ನಿಲ್ಲುತ್ತದೆ. ‘ಇರು’ ಎನ್ನುತ್ತಾರೆ ಗಂಡ. ‘ಮೊದಲು ಹೇಳು. ಹೇಗಿದೆ?’

ಗುಟುಕಕ್ಕ ಹೊಸ್ತಿಲಿನಾಚೆಯೇ ನಿಲ್ಲುತ್ತಾರೆ. ಬಾಯಿಯ ವಾಸನೆ ಅತ್ತ ಹೋಗದಂತೆ ಸೆರಗು ಅಡ್ಡ ಹಿಡಿದಿದ್ದಾರೆ.

‘ಮೊದಲು ಬ್ರೆಡ್ಡು. ಈಗ ತಾನೇ ಒಲೆಯಿಂದ ತೆಗೆದ ಬ್ರೆಡ್ಡಿನ ಒಳಭಾಗ.’

‘ಆಮೇಲೆ?’

‘ಹೂವು. ಹುಲ್ಲು ಕೊಯ್ದ ವಾಸನೆ ಸ್ವಲ್ಪ. ಆಮೇಲೆ ಕಹಿ. ಗಂಟಲಲ್ಲಿ ನೆಟ್ಟಗೆ ಇಳಿಯುತ್ತೆ, ಒಸಡಿಗೆ ಬರೋದೇ ಇಲ್ಲ.’

‘ಆಮೇಲೆ?’

ಗುಟುಕಕ್ಕ ಸೆರಗನ್ನು ಬಾಯಿಗೆ ಇನ್ನಷ್ಟು ಒತ್ತಿ ಹಿಡಿಯುತ್ತಾರೆ. ರುಚಿ ನೋಡುವವರು ಹೇಳಬೇಕಾದ ಕೊನೆಯ ಮಾತೊಂದಿದೆ. ಪಿಲ್ಸ್‌ನರ್ ಗೆದ್ದಿತೋ ಸೋತಿತೋ ಗೊತ್ತಾಗುವುದು ಅದರಲ್ಲೇ. ಈ ಮನೆಯಲ್ಲಿ, ಈ ಮನುಷ್ಯನ ಮುಂದೆ ಅದನ್ನು ಹೇಳುವುದು ಹೇಗೆ?

‘ಪೂರ್ತಿ ಹೇಳು. ಕೊನೇದನ್ನ ನುಂಗ್ಬೇಡ.’

‘ಆಮೇಲೆ ಬಾಯಿ ಖಾಲಿ ಆಗುತ್ತೆ. ಇನ್ನೊಂದು ಗುಟುಕು ಬೇಕು ಅನಿಸುತ್ತೆ ರೀ.’

ಗಂಡ ಮೆಷಿನ್ ಮೇಲಿನ ಶಾಲಾ ಬ್ಯಾಗನ್ನು ಹತ್ತಿರಕ್ಕೆ ಎಳೆದುಕೊಳ್ಳುತ್ತಾರೆ. ಜಿಪ್ಪನ್ನು ಒಮ್ಮೆ ಎಳೆದು, ಒಮ್ಮೆ ಮುಚ್ಚುತ್ತಾರೆ.

‘ನಂಗೂ’ ಎನ್ನುತ್ತಾರೆ.

ಬ್ಯಾಗನ್ನು ಸೂಜಿಯ ಕೆಳಗೆ ಸರಿಸುತ್ತಾರೆ. ಕಾಲು ಪೆಡಲಿನ ಮೇಲೆ ಬರುತ್ತದೆ, ಚಕ್ರ ತಿರುಗುತ್ತದೆ.

ಗುಟುಕಕ್ಕ ಬಚ್ಚಲ ಬಾಗಿಲಿಗೆ ಬಂದು ಚಿಲಕ ಹಿಡಿದು ನಿಲ್ಲುತ್ತಾರೆ. ಕಣ್ಣು ತುಂಬಿದೆ, ಒರೆಸಿಕೊಳ್ಳುವ ಗೋಜಿಗೆ ಹೋಗುವುದಿಲ್ಲ. ‘ಹನ್ನೊಂದು ವರ್ಷದಲ್ಲಿ ಬಾಯಿಬಿಟ್ಟು ಬೇಕು ಅಂದಿದ್ದು ಇದೇ ಮೊದಲು’ ಎನ್ನುತ್ತಾರೆ ತಗ್ಗಿದ ದನಿಯಲ್ಲಿ. ‘ನನ್ನ ನಾಲಿಗೆ ವಿಷಯ ಏನು ಬೇಕಾದ್ರೂ ಬರ್ಕೊಳ್ಳಿ. ಆದ್ರೆ ಇದನ್ನ ಬಿಡ್ಬೇಡಿ. ಬೇಕು ಅಂದ್ರು, ಅಂದು ಕೂತಲ್ಲೇ ಕೂತಿದ್ದಾರೆ ನೋಡಿ.’