ಚಿಕ್ಕಹನುಮಕ್ಕನ ಸೋಬಾನೆ ಸಿ.ಡಿ.

ಕೊಳಾಲದ ಸುತ್ತಮುತ್ತ ಯಾರ ಮನೆ ಮುಂದೆ ಚಪ್ಪರ ಏಳಲಿ, ಮೊದಲ ಹೇಳಿಕೆ ಹೋಗುತ್ತಿದ್ದದ್ದು ಚಿಕ್ಕಹನುಮಕ್ಕನಿಗೆ. ಅಂಗನವಾಡಿಯಲ್ಲಿ ಮಕ್ಕಳಿಗೆ ಅಡುಗೆ ಮಾಡಿ ಹಾಕುವುದು ಅವಳ ಕೆಲಸ. ಸೋಬಾನೆ ಅವಳ ಹುಚ್ಚು. ಹೆಣ್ಣನ್ನು ಹಸೆಗೆ ಕರೆಯುವ ಪದ, ಬೀಗರನ್ನು ಕಿಚಾಯಿಸುವ ಪದ, ಹೆಣ್ಣೊಪ್ಪಿಸುವಾಗ ಗಂಡಸರೂ ಮೂಗೊರೆಸಿಕೊಳ್ಳುವ ಪದ, ಎಲ್ಲ ಅವಳ ಬಾಯಲ್ಲೇ ಇದ್ದವು. ಅವಳು ಒಂದು ಸೊಲ್ಲು ಎತ್ತಿದರೆ ಉಳಿದ ಹೆಂಗಸರು ಅದನ್ನೇ ಮರಳಿ ಹೇಳುತ್ತಿದ್ದರು. ಒಂದು ಪದ ಮುಗಿದು ಇನ್ನೊಂದು ಶುರುವಾಗುವ ನಡುವೆ ಎಲೆ ಅಡಿಕೆ ಹಾಕಿಕೊಂಡು, ಎದುರಿಗಿದ್ದವರನ್ನು ಒಂದಿಷ್ಟು ಆಡಿಕೊಳ್ಳದಿದ್ದರೆ ಅವಳಿಗೆ ಸಮಾಧಾನವಿಲ್ಲ.

ಒಂದು ಮಾಘದಲ್ಲಿ, ಲಗ್ನಗಳು ಸಾಲುಗಟ್ಟಿದ್ದಾಗಲೇ ಅವಳ ಗಂಟಲು ಕಟ್ಟಿತು. ತುಮಕೂರಿನ ಡಾಕ್ಟರು ಬಾಯಿಗೆ ಬೆಳಕು ಬಿಟ್ಟು ನೋಡಿ, "ಯುಗಾದಿವರೆಗೂ ಹಾಡಬಾರದು. ಮಾತೂ ಆಡಬಾರದು" ಎಂದರು. ಹಾಡನ್ನಾದರೂ ಬಿಟ್ಟಾಳು, ಮಾತು ಬಿಡುವುದು ಹೇಗೆ? ಬಸ್ಸಿನಲ್ಲಿ ಕಂಡಕ್ಟರನೊಡನೆ ಕೈಸನ್ನೆಯಲ್ಲೇ ಜಗಳ ತೆಗೆದಳು.

ಪಕ್ಕದ ಬೀದಿಯ ಮೂಡಲಗಿರಿಯಪ್ಪ ಮಗಳ ಮದುವೆ ಇಟ್ಟುಕೊಂಡಿದ್ದ. ಸುದ್ದಿ ಕೇಳಿ ಓಡಿ ಬಂದ.

"ನೀನಿಲ್ದೆ ಹೆಣ್ಣ ಹಸೆಗೆ ಕರ್ಯೋದು ಹೆಂಗಕ್ಕಯ್ಯ?"

ಉಪಾಯ ಹೊಳೆದದ್ದು ಚಿಕ್ಕಹನುಮಕ್ಕನ ಅಣ್ಣನ ಮಗಳು ಗಂಗಾಂಬಿಕಾಗೆ. ಅವಳದು ಕೊರಟಗೆರೆಯಲ್ಲಿ ಜೆರಾಕ್ಸ್ ಅಂಗಡಿ, ಜೊತೆಗೊಂದು ಕಂಪ್ಯೂಟರ್. ಹಿಂದಿನ ವರ್ಷದ ಮದುವೆಗಳಲ್ಲಿ ಅತ್ತೆ ಹಾಡಿದ್ದನ್ನೆಲ್ಲ ಮೊಬೈಲಿನಲ್ಲಿ ಹಿಡಿದಿಟ್ಟುಕೊಂಡಿದ್ದಳು. ಅವನ್ನೆಲ್ಲ ಒಂದು ಸಿ.ಡಿ.ಗೆ ತುಂಬಿ ಮೈಕ್ ಸೆಟ್ಟಿನ ನರಸಿಂಹರಾಜುವಿನ ಹತ್ತಿರ ಒಯ್ದಳು. ಅವನ ಪ್ಲೇಯರು ಸಿ.ಡಿ.ಯನ್ನು ಗಿರ್ರನೆ ತಿರುಗಿಸಿತು, ಕಣ್ಣು ಮಿಟುಕಿಸಿತು, ಸುಮ್ಮನಾಯಿತು.

"ಇದು ಕಂಪ್ಯೂಟ್ರಿಗೆ ಮಾತ್ರ ಅರ್ಥ ಆಗೋ ಸಿ.ಡಿ. ಕಣವ್ವ" ಎಂದ ನರಸಿಂಹರಾಜು. "ನಂದು ಹಳೇ ಪ್ಲೇಯರ್ರು. ಅಂಗ್ಡೀಲಿ ಹಾಡಿನ ಸಿ.ಡಿ. ಬತ್ತದಲ್ಲ, ಅಂಗೆ ಮಾಡ್ಕೊಂಬಾ."

ಗಂಗಾಂಬಿಕಾ ಹೊಸ ಸಿ.ಡಿ. ಹಾಕಿ, ಈ ಸಲ ಆಡಿಯೋ ಸಿ.ಡಿ. ಎಂದೇ ರೈಟ್ ಮಾಡಲು ಕೂತಳು. ಹಾಗೆ ಮಾಡಿದರೆ ಹಿಡಿಸುವುದು ಒಂದು ಗಂಟೆ ಚಿಲ್ಲರೆ ಹೊತ್ತಿನ ಹಾಡು ಮಾತ್ರ. ಯಾವ ಪದ ಬಿಡುವುದು? ಅವಳು ಒಂದನ್ನು ಅಳಿಸಲು ಹೋದರೆ ಅತ್ತೆ ಪಕ್ಕದಲ್ಲಿ ಕೂತು ಎದೆ ಬಡಿದುಕೊಳ್ಳುವಳು. ಈ ರಂಪದಲ್ಲಿ ಮಧ್ಯಾಹ್ನ ಕಳೆಯಿತು. ಮುಗಿದ ಮೇಲೆ ಮೊದಲ ಪದವನ್ನಷ್ಟೇ ಹಾಕಿ ಕೇಳಿದರು. ಗಣಗಣ ಎನ್ನುತ್ತಿತ್ತು. ಚಿಕ್ಕಹನುಮಕ್ಕ ತನ್ನ ದನಿಗೆ ತಾನೇ ತಲೆದೂಗಿದಳು.

ಮದುವೆಯ ದಿನ ಕೊರಳಿಗೆ ಮಫ್ಲರ್ ಸುತ್ತಿಕೊಂಡು ಮುಂದಿನ ಸಾಲಿನಲ್ಲೇ ಕೂತಳು. ಮೊದಲ ಪದ ಮುಗಿಯಿತು. ಜನ ಭೇಷ್ ಎನ್ನುವಷ್ಟರಲ್ಲಿ ಹಾರ್ನಿನಿಂದ ಅವಳದೇ ದನಿ ಊರಿಗೆಲ್ಲ ಕೇಳುವಂತೆ ಮೊಳಗಿತು:

"ಲೇ, ಆ ಬೀಗಿತ್ತಿ ನೋಡೇ! ಏನು ಜಂಬ! ಸೀರೆ ಉಟ್ಟವ್ಳೋ, ಅಂಗ್ಡಿನೇ ಸುತ್ಕೊಂಬಂದವ್ಳೋ!"

ಅಂದು ಗಂಡಿನ ತಾಯಿ ಕಮಲಾಕ್ಷಮ್ಮ ಉಟ್ಟದ್ದು ಅಂಗೈಯಗಲದ ಜರಿಯಂಚಿನ ಸೀರೆ. ಅವಳ ಮುಖ ಕೆಂಪಾಯಿತು. ಚಿಕ್ಕಹನುಮಕ್ಕ ಗಾಬರಿಯಾಗಿ ಹಾರ್ನನ್ನು ತೋರಿಸಿದಳು, ಗಂಟಲು ತೋರಿಸಿದಳು, ಇದು ಹೋದ ವರ್ಷದ ಮಾತು ಎನ್ನಲು ಕೈಯನ್ನು ಬೆನ್ನ ಹಿಂದಕ್ಕೆ ಬೀಸಿದಳು.

"ಬಾಯಿ ಮುಚ್ಕೊಂಡೇ ಬೈತೀಯಲ್ಲಮ್ಮ! ಈಗ ಹಿಂದಕ್ಕೆ ಹೋಗಿ ಕೂತ್ಕೋ ಅಂತ ಬೇರೆ ಹೇಳ್ತೀಯ?" ಎಂದು ಎದ್ದಳು ಕಮಲಾಕ್ಷಮ್ಮ.

ಹೊರಟವಳನ್ನು ಹೆಂಗಸರು ಸಮಾಧಾನ ಮಾಡುವಷ್ಟರಲ್ಲಿ ಎರಡನೆಯ ಪದವೂ ಮುಗಿದು ಹಾರ್ನು ಮತ್ತೆ ಬಾಯಿಬಿಟ್ಟಿತು. "ಪಾಯಸಕ್ಕೆ ಬೆಲ್ಲ ಹಾಕೋಕೆ ಕೈ ಬರ್ಲಿಲ್ವಾ ಇವ್ರಿಗೆ?"

ಅಡುಗೆಯವರು ಸೌಟು ಹಿಡಿದೇ ಹೊರಗೆ ಬಂದರು. ಕಮಲಾಕ್ಷಮ್ಮ ತಟ್ಟನೆ ನಿಂತಳು. "ಪಾಯಸ ಇನ್ನೂ ಒಲೆ ಮೇಲೇ ಐತಲ್ಲ? ಹಂಗಾದ್ರೆ ಇದು ಯಾರ್ದೋ ಮದ್ವೆ ಮಾತು!" ಎಂದು ಮೊದಲು ನಕ್ಕವಳು ಅವಳೇ. ಆಮೇಲೆ ಚಪ್ಪರವೇ ನಕ್ಕಿತು. ಆದರೆ ಸಿ.ಡಿ. ಯಾರಿಗಾಗಿಯೂ ನಿಲ್ಲಲಿಲ್ಲ. ಮದುಮಗಳು ಒಳಗೆ ಇನ್ನೂ ಜಡೆ ಹಾಕಿಸಿಕೊಳ್ಳುತ್ತಿದ್ದಾಗಲೇ ಹೆಣ್ಣೊಪ್ಪಿಸುವ ಪದ ಬಂದುಬಿಟ್ಟಿತು. ತಾಳಿ ಕಟ್ಟುವ ಮೊದಲೇ ಮೂಡಲಗಿರಿಯಪ್ಪ ಕಂಬ ಹಿಡಿದುಕೊಂಡು ಅತ್ತ.

ಊರೂರಿನವರೂ ಆ ಸಿ.ಡಿ. ಕೇಳಿಕೊಂಡು ಬಂದರು. ಗಂಗಾಂಬಿಕಾ ಮಾತು ಕತ್ತರಿಸಿ ಶುದ್ಧಮಾಡಿದ್ದನ್ನು ಕೊಟ್ಟರೆ, "ಬೈಗುಳ ಇರೋದು ಕೊಡವ್ವ" ಎನ್ನುತ್ತಿದ್ದರು.

ಯುಗಾದಿ ಕಳೆಯಿತು, ಗಂಟಲು ತಿಳಿಯಾಯಿತು. ವೈಶಾಖದಲ್ಲಿ ಊರಿನವನೊಬ್ಬ ಮದುವೆಗೆ ಕರೆಯಲು ಬಂದು, "ಊಟಕ್ಕೆ ಬಂದ್ಬುಡಕ್ಕ. ಹಾಡೋಕೆ ಸಿ.ಡಿ. ಐತೆ" ಎಂದ. ಡಾಕ್ಟರು ಮಾತು ನಿಲ್ಲಿಸಿದಾಗಲೂ ಅವಳಿಗೆ ಅಷ್ಟು ನೋವಾಗಿರಲಿಲ್ಲ. ಗಂಗಾಂಬಿಕಾಳನ್ನು ಕಂಡರೆ ಮುಖ ತಿರುಗಿಸತೊಡಗಿದಳು.

"ನಾನೇನ್ ಮಾಡ್ದೆ ಅತ್ತೆ?"

"ನನ್ನ ಬಾಯಿ ಕಿತ್ತು ಊರಿಗೆಲ್ಲ ಹಂಚ್ಬುಟ್ಟೆಯಲ್ಲೇ!"

ಆದರೂ ಮದುವೆಗೆ ಹೋದಳು. ಹಾರ್ನು ತನ್ನ ಪಾಡಿಗೆ ಹಾಡುತ್ತಿತ್ತು. ಹೆಂಗಸರು ತಮ್ಮ ಪಾಡಿಗೆ ಮಾತಾಡುತ್ತಿದ್ದರು. ಹಸೆಗೆ ಕರೆಯುವ ಪದ ಮುಗಿದೇ ಹೋಯಿತು, ಹೆಣ್ಣಿನ ಸುಳಿವಿಲ್ಲ. ಚಿಕ್ಕಹನುಮಕ್ಕ ಎದ್ದು ನರಸಿಂಹರಾಜುವಿನ ಕಡೆ ಕೈಯೆತ್ತಿದಳು. ಅವನು ಸಿ.ಡಿ. ನಿಲ್ಲಿಸಿದ.

ಅವಳು ಸೊಲ್ಲೆತ್ತಿ, ನಿಂತು, ಕಾದಳು. ಒಬ್ಬಳು ದನಿಗೂಡಿಸಿದಳು, ಆಮೇಲೆ ಸಾಲಿಗೆ ಸಾಲೇ ದನಿಗೂಡಿತು. ಹೆಣ್ಣು ಬರಲಿಲ್ಲವೆಂದು, ಅವಳನ್ನು ಹಸೆಗೆ ಕರೆತರಬೇಕಾದ ಸೋದರಮಾವನ ಹೆಸರನ್ನು ಪದಕ್ಕೆ ಸೇರಿಸಿದಳು. ಆಮೇಲೆ ಅವನ ಹೆಂಡತಿಯದು, ಅವರ ಎಮ್ಮೆಯದು. ಎಮ್ಮೆಯ ಹೆಸರಿಗೆ ಚಪ್ಪರ ಗೊಳ್ಳೆನ್ನುವಾಗ ಮದುಮಗಳು ನಗುತ್ತಲೇ ಬಂದು ಹಸೆಯ ಮೇಲೆ ಕೂತಳು. ಗಂಗಾಂಬಿಕಾ ಸಾಲಿನ ಕೊನೆಯಲ್ಲಿ ನಿಂತು ಸೊಲ್ಲು ಮರಳಿ ಹೇಳುತ್ತಿದ್ದಳು. ಅತ್ತೆ ಅವಳ ಕೈ ಹಿಡಿದೆಳೆದು ಪಕ್ಕದಲ್ಲೇ ಕೂರಿಸಿಕೊಂಡಳು.