ಖಾನಂಗೆ ತಂದ ಜಗಳ

ಬೆಳಿಗ್ಗೆ ಎ.ಸಿ.ಯ ಜಾಲರಿ ತೊಳೆದೆ, ಉದ್ದು ನೆನೆಹಾಕಿದೆ, ಮಗಳ ಬ್ಯಾಗಿನ ಪಟ್ಟಿ ಹೊಲಿದೆ, ಕಪಾಟಿನ ಮೇಲಿನ ಪೆಟ್ಟಿಗೆ ಇಳಿಸಿದೆ. ಅದರಲ್ಲಿ ಖಾನಂ ಅವರ ಟೇಪ್ ರೆಕಾರ್ಡರ್ ಇತ್ತು. ಆಮೇಲೆ ಕೂತಲ್ಲಿ ಕೂರಲಾಗಲಿಲ್ಲ. ಒರೆಸಿದ ಒಲೆಯನ್ನೇ ಮತ್ತೆ ಒರೆಸಿದೆ.

ಖಾಲಿದಿಯಾ ಬಡಾವಣೆಯ ಈ ಫ್ಲ್ಯಾಟಿಗೆ ಬರುವ ಮೊದಲು, ಮದುವೆಯಾದ ಹೊಸದರಲ್ಲಿ, ನಾವು ದುಬೈಯ ಸತ್ವಾದಲ್ಲಿದ್ದೆವು. ಹಳೇ ವಿಲ್ಲಾ, ಕೋಣೆಗೊಂದು ಸಂಸಾರ, ಎಲ್ಲರಿಗೂ ಒಂದೇ ಅಡುಗೆಮನೆ. ಪಕ್ಕದ ಕೋಣೆಯಲ್ಲಿ ಇರಾನಿನ ಕಾದಂಬರಿಕಾರ್ತಿ. ಎಲ್ಲರೂ ಕರೆಯುತ್ತಿದ್ದುದು ಖಾನಂ ಎಂದು, ಅಂದರೆ ಅಮ್ಮಾವ್ರು. ಎರಡನೇ ಕಾದಂಬರಿಗೆ ನಿಷೇಧ ಬಿದ್ದು, ಪೊಲೀಸರು ಹಿಡಿಯಲು ಬಂದಾಗ ದೇಶ ಬಿಟ್ಟವರು. ಲಿಫ್ಟು ಕೆಟ್ಟ ಕಟ್ಟಡದ ಹೆಂಗಸರು ಮೆಟ್ಟಿಲ ಮೇಲೆ ಕೂತು ಮಾತಾಡುವುದು ಬಿಟ್ಟರೆ ಆ ಕಾದಂಬರಿಯಲ್ಲಿ ಬೇರೇನೂ ಇಲ್ಲವಂತೆ.

“ಅಷ್ಟಕ್ಕೆ ಹಿಡಿಯುವುದಾ?” ಎಂದೆ, ನನ್ನ ಮುರುಕು ಇಂಗ್ಲಿಷಿನಲ್ಲಿ.

“ಏನು ಮಾತಾಡ್ತಾರೆ ಅಂತ ಕೇಳು,” ಎಂದರು, ಅವರ ಮುರುಕು ಇಂಗ್ಲಿಷಿನಲ್ಲಿ.

ಮೂರನೇ ಕಾದಂಬರಿ ಮಾತ್ರ ಸಾಗುತ್ತಿರಲಿಲ್ಲ. ಬರೆಯುವುದು, ಗಟ್ಟಿಯಾಗಿ ಓದಿಕೊಳ್ಳುವುದು, ಹರಿಯುವುದು, ಕಾರಿಡಾರಿನಲ್ಲಿ ಶತಪಥ. ಚಹಾ ಕೊಟ್ಟರೆ ಬೇಡವೆನ್ನುವರು. ಅದು ಅವರ ಕಡೆಯ ಮರ್ಯಾದೆ, ಮೂರು ಸಲ ಒತ್ತಾಯ ಮಾಡಬೇಕು. ಒಮ್ಮೆ ಲೋಟ ಹಿಡಿದು ಹೇಳಿದರು: “ನನ್ನ ಹೆಂಗಸರು ನಾನು ಬಿಟ್ಟುಬಂದ ದಿನದ ಮಾತನ್ನೇ ಆಡ್ತಿದ್ದಾರೆ. ಈಗ ಅಲ್ಲಿ ಹೇಗೆ ಜಗಳ ಆಡ್ತಾರೋ ಗೊತ್ತಿಲ್ಲ. ಹೀಗಾದ್ರೆ ಈ ಪುಸ್ತಕ ಸತ್ತ ಹಾಗೇ.”

ಆಗ ನನ್ನದು ವಿಸಿಟ್ ವೀಸಾ. ಅದನ್ನು ಬದಲಿಸಲು ಒಮ್ಮೆ ದೇಶದಾಚೆ ಹೋಗಿ ಬರಬೇಕು. ಎಲ್ಲರೂ ಸಮುದ್ರದಾಚೆಯ ಕೀಶ್ ದ್ವೀಪಕ್ಕೆ ಹಾರಿ, ಹೊಸ ವೀಸಾ ಬರುವತನಕ ಅಲ್ಲಿ ಕಾಯುತ್ತಿದ್ದರು. ನಾನು ಪೆದ್ದಿ, “ಖಾನಂ, ನೀವೂ ಬನ್ನಿ, ನನಗೆ ಜೊತೆಯಾಗ್ತದೆ” ಎಂದುಬಿಟ್ಟೆ. ಕೀಶ್ ಇರಾನಿನದೇ ಎಂಬುದು ಹೊಳೆದದ್ದು ಅವರ ಮುಖ ನೋಡಿದ ಮೇಲೆ.

“ಯಲ್ಲಾ, ಒಳಗೆ ನಡಿ ಮಾರಾಯ್ತಿ,” ಎಂದು ನಮ್ಮ ಯಜಮಾನರು ಹಿಂದಿನಿಂದ ಗೊಣಗಿದರು.

ಖಾನಂ ನಕ್ಕರು. “ಹೋಗೋಕೆ ಯಾರೂ ತಡೆಯಲ್ಲ. ವಾಪಸು ಬರೋದಕ್ಕೆ ಬಿಡಲ್ಲ, ಅಷ್ಟೆ.” ಮರುದಿನ ಟೇಪ್ ರೆಕಾರ್ಡರ್ ತಂದುಕೊಟ್ಟರು. “ರೊಟ್ಟಿ ಅಂಗಡಿಯ ಸಾಲಲ್ಲಿ ನಿಂತ್ಕೋ, ಅಲ್ಲಿಯ ಮಾತು ಹಿಡ್ಕೊಂಡು ಬಾ. ನಿನಗೆ ಅರ್ಥ ಆಗಬೇಕಿಲ್ಲ.”

ಕೀಶ್‌ನ ಹೋಟೆಲಿನ ತುಂಬ ವೀಸಾ ಕಾಯುವ ಮಲಯಾಳಿಗಳು. ಕ್ಯಾಸೆಟ್ಟಿನ ಮೊದಲ ಬದಿ ಪೂರಾ ಅವರದೇ ಮಾತು. ಆಮೇಲೆ ರೊಟ್ಟಿ ಅಂಗಡಿ. ತಲೆಯ ಸ್ಕಾರ್ಫ್ ಜಾರುತ್ತಿತ್ತು, ಚೀಲದೊಳಗೆ ಟೇಪು ತಿರುಗುತ್ತಿತ್ತು. ಸಾಲಿನ ನಡುವೆ ನುಗ್ಗಿದವಳಿಗೂ ಹಿಂದಿನವಳಿಗೂ ಜಟಾಪಟಿ ಹತ್ತಿತು. ಕೊನೆಗೆ ಇಬ್ಬರೂ ಒಂದಾಗಿ ನನ್ನನ್ನು ಬೈದರು. ನಾನು ಮುಂದೆ ಸರಿಯದೆ ಕಲ್ಲಿನಂತೆ ನಿಂತಿದ್ದೆ.

ವಾಪಸು ಬಂದು ಕೊಟ್ಟ ಕ್ಯಾಸೆಟ್ಟನ್ನು ಖಾನಂ ನಿಂತೇ ಕೇಳಿದರು. ನಕ್ಕರು. ತಿರುಗಿಸಿ ಮತ್ತೆ ಕೇಳಿದರು; ನಗು ನಿಂತಿತು. “ಅರ್ಧ ಮಾತು ನನಗೆ ಹೊಸದು. ಇನ್ನು ಆ ಊರನ್ನ ನಾನು ಬರೆಯಲಾರೆ.”

ಎರಡು ದಿನ ಕದ ತೆರೆಯಲಿಲ್ಲ. ತೆರೆದಾಗ ಹಳೆಯದೆಲ್ಲ ಹರಿದು, ಬೇರೆಯೇ ಶುರುವಾಗಿತ್ತು: ನಮ್ಮದೇ ಅಡುಗೆಮನೆ, ಅಲ್ಲಿ ಹಳೇ ಮಾತನ್ನೇ ಆಡುತ್ತ ಉಳಿದ ಒಬ್ಬ ಪರದೇಶಿ ಹೆಂಗಸು. ಪುಸ್ತಕ ಹೊರಬಂತು, ಅವರು ಟೇಪ್ ರೆಕಾರ್ಡರ್ ನನಗೇ ಬಿಟ್ಟು ಯಾವುದೋ ಚಳಿದೇಶಕ್ಕೆ ಹೊರಟುಹೋದರು. ನಾನೂ ಅದರಲ್ಲಿದ್ದೇನಂತೆ, ಎಲ್ಲರ ಪಾತ್ರೆಯ ಮುಚ್ಚಳ ತೆಗೆದು ನೋಡುವವಳಾಗಿ. ಅವರ ಭಾಷೆ ಓದಲು ಬಾರದ್ದರಿಂದ ತಕರಾರಿಲ್ಲ.

ಸಂಜೆ ಊರಿಗೆ, ಕುಂದಾಪುರಕ್ಕೆ ಫೋನು ಹಚ್ಚಿದೆ. “ಅತ್ತಿಗೆ, ನನ್ನ ಹತ್ರ ಮಾತಾಡ್ಬೇಡಿ. ಫೋನನ್ನ ಅಲ್ಲೇ ಇಟ್ಟು ನಿಮ್ಮಷ್ಟಕ್ಕೆ ಮಾತಾಡ್ಕೊಳ್ಳಿ.”

“ಎಂಥಾ ಮರ್ಲು ಮಾರಾಯ್ತಿ ನಿಂಗೆ!” ಎಂದರೂ ಇಟ್ಟರು. ಮಕ್ಕಳು ಟಿವಿ ರಿಮೋಟಿಗೆ ಕಿತ್ತಾಡುತ್ತಿದ್ದರು. ನಡುನಡುವೆ, ನಮ್ಮದೇ ಭಾಷೆಯಲ್ಲಿ, ನನಗೆ ತಿಳಿಯದ ಮಾತುಗಳು. ಫೋನ್ ಕಾರ್ಡಿನ ದುಡ್ಡು ಮುಗಿಯುವವರೆಗೂ ಕೇಳಿದೆ.

ರಾತ್ರಿ ಕುಚ್ಚಲಕ್ಕಿ ಗಂಜಿ, ತೊಂಡೆಕಾಯಿ ಪಲ್ಯ. ಮೊದಲು ನಿದ್ದೆ ಹೋದವಳು ಮಗಳು, ಆಮೇಲೆ ಇವರು. ನಾನು ಆ ತಿಳಿಯದ ಮಾತುಗಳನ್ನು ಬಾಯೊಳಗೇ ಹೇಳಿಕೊಳ್ಳುತ್ತ ಎಚ್ಚರವಿದ್ದೆ.